ಇಲಿ ಹೊಗಳಿದ ಕಾರು

ವಕೀಲ ನಂಜರಾಜಯ್ಯನವರ ಷೆಡ್ಡಿನಲ್ಲಿ ಹಳೆಯದೊಂದು ಐಷಾರಾಮಿ ಕಾರಿತ್ತು. ಪ್ರತಿ ಭಾನುವಾರ ಅವರು ಅದರಲ್ಲಿ ಊರು ಸುತ್ತಿ ಬರುತ್ತಿದ್ದರು. ಅದರ ಮೆತ್ತನೆಯ ಸೀಟಿನ ಮೇಲೆ ಬಸುರಿ ಇಲಿಯೊಂದರ ಕಣ್ಣು ಬಿತ್ತು. ಆದರೆ ಓಡಾಡುವ ಕಾರಿನಲ್ಲಿ ಬಾಣಂತನ ಹೇಗೆ?

"ಮಹಾಸ್ವಾಮಿ, ತಮ್ಮಂಥವರು ಆಟೋಗಳ ಜೊತೆ ಸಿಗ್ನಲ್ಲಿನಲ್ಲಿ ಕಾಯುವುದೇ?" ಎಂದಿತು ಇಲಿ.

ಕಾರಿಗೆ ಆ ಮಾತು ನಾಟಿತು. ಮುಂದಿನ ಭಾನುವಾರ ಯಜಮಾನರು ಎಷ್ಟು ಸಲ ಕೀ ತಿರುಗಿಸಿದರೂ ಅದು ಜಪ್ಪಯ್ಯ ಎಂದರೂ ಕದಲಲಿಲ್ಲ. ಅವರು ಬೇಸತ್ತು ಸ್ಕೂಟರ್ ಹತ್ತಿದರು.

ನಿಂತಲ್ಲೇ ನಿಂತು ಬ್ಯಾಟರಿ ಕೈಕೊಟ್ಟಿತು, ಟೈರುಗಳು ಕುಸಿದವು. ಸೀಟಿನೊಳಗೆ ಮಾತ್ರ ಹನ್ನೊಂದು ಮರಿಗಳು ದುಂಡಗೆ ಬೆಳೆದವು. ಕೊನೆಗೊಂದು ದಿನ ಗುಜರಿಯವನ ಲಾರಿ ಬಾಗಿಲಿಗೆ ಬಂತು.

"ನನ್ನ ದೊಡ್ಡಸ್ತಿಕೆ ಏನೆಂದು ಇವರಿಗೆ ನೀನಾದರೂ ಹೇಳು!" ಎಂದು ಕಾರು ಅಂಗಲಾಚಿತು.

ಕೊನೆಯ ಮರಿಯನ್ನು ಕಚ್ಚಿಕೊಂಡು ಹೊರಟಿದ್ದ ಇಲಿಯ ಬಾಯಿಗೆ ಬಿಡುವಿರಲಿಲ್ಲ.