ಮೂರು ಕೈ ದಾಟಿದ ಅಳು

“ಅಪ್ಪಾವರೇ, ಹೆಸರಿಲ್ಲದ ಸೇವೆಯೂ ಸೇವೆಯೇ?” ಎಂದು ಮುರಿಗೆಪ್ಪ ಗುರುಗಳನ್ನು ಕೇಳಿದ.

ಅವನದು ಮಠದ ಬಾಗಿಲ ಕೆಲಸ. ಬಂದವರ ಕಷ್ಟ ಕೇಳಿ ಅವನು ಒಳಗಿನವರಿಗೆ ಹೇಳುವನು. ಒಳಗಿನವರು ಗುರುಗಳಿಗೆ ಹೇಳುವರು. ಹನ್ನೆರಡು ವರ್ಷಗಳಲ್ಲಿ ಬಂದವರೊಬ್ಬರೂ ಅವನ ಹೆಸರು ಕೇಳಿರಲಿಲ್ಲ. ಈಗ ಮಠ ಬಿಟ್ಟು ಹೋಗುವಷ್ಟು ಬೇಸರ ಬಂದಿತ್ತು.

ಗುರುಗಳು ಅವನನ್ನು ಕೂರಿಸಿಕೊಂಡು ಒಂದು ಕಥೆ ಹೇಳಿದರು.

ಒಂದು ಮನೆಯಲ್ಲಿ ಒಬ್ಬ ಅತ್ತೆ, ಒಬ್ಬ ಸೊಸೆ. ಸೊಸೆಗೆ ಹುಟ್ಟಿನಿಂದ ಕಿವಿ ಕೇಳದು. ತುಟಿ ನೋಡಿ ಮಾತು ತಿಳಿಯುವಳು, ಕೈಸನ್ನೆಯಲ್ಲಿ ಉತ್ತರ ಕೊಡುವಳು. ಅವಳಿಗೊಂದು ಕೂಸು ಹುಟ್ಟಿತು. ಅತ್ತೆ ಕೆಟ್ಟವಳಲ್ಲ, ಆದರೆ ಬಲು ಪುಕ್ಕಲು. ತಾನು ಹಗಲೆಲ್ಲ ಹೊಲದಲ್ಲಿರುವವಳು. ಕೂಸು ಅತ್ತರೆ ಕೇಳುವವರು ಯಾರು? ಐದು ವರ್ಷ ತುಂಬುವವರೆಗೆ ಅದು ತನ್ನ ಮಗಳ ಊರಿನಲ್ಲಿ ಬೆಳೆಯಲಿ ಎಂದು ತೀರ್ಮಾನಿಸಿ, ಕುಲಾವಿ, ಕೌದಿ ಎಲ್ಲ ಚೀಲಕ್ಕೆ ತುಂಬಿದಳು. ಸೊಸೆ ಅತ್ತಳು. ಕಡೆಗೆ ಒಂದು ಬೆರಳೆತ್ತಿ, ಒಂದೇ ದಿನ ಕೊಡಿ ಎಂದು ಬೇಡಿದಳು.

ಮರುದಿನ ಸೊಸೆ ತೊಟ್ಟಿಲ ಬಳಿ ಅಂಗೈಯಗಲದ ಒಂದು ಯಂತ್ರ ಇಟ್ಟಳು. ಫೋನನ್ನು ಅಡುಗೆಮನೆಯ ಬೇಳೆ ಡಬ್ಬಿಯ ಪಕ್ಕ ಇಟ್ಟಳು. ಅವೆರಡರ ಜೊತೆಗೆ ಜೋಡಿಸಿದ ಗಡಿಯಾರವನ್ನು ಕೈಗೆ ಕಟ್ಟಿಕೊಂಡು, ಶಾವಿಗೆ ಒಣಹಾಕಲು ಮಾಳಿಗೆ ಹತ್ತಿದಳು.

“ಗಡಿಯಾರ ಕಟ್ಗೊಂಡ್ರ ಕಿವಿ ಕೇಳ್ತಾವೇನ?” ಎಂದು ಅತ್ತೆ ಗೊಣಗಿದಳು. ಅಂದು ಅವಳು ಹೊಲಕ್ಕೆ ಹೋಗದೆ ತೊಟ್ಟಿಲ ಪಕ್ಕ ಕುಳಿತಿದ್ದಳು. ಕೂಸನ್ನು ಮುಟ್ಟುವುದಿಲ್ಲ ಎಂದು ಮಾತು ಕೊಟ್ಟಿದ್ದಳು.

ಕೂಸು ಎದ್ದು ಅತ್ತಿತು. ಅತ್ತೆಯ ಕೈ ತಾನಾಗಿ ತೊಟ್ಟಿಲಿಗೆ ಹೋಯಿತು. ಅವಳು ಅದನ್ನು ಹಿಂದಕ್ಕೆ ಎಳೆದುಕೊಂಡಳು. ಯಂತ್ರದ ಮೇಲೆ ಸಣ್ಣ ದೀಪ ಹತ್ತಿತು. ಒಳಗೆ ಫೋನು ಡಬ್ಬಿಗೆ ತಾಗಿ ಗುರ್ ಎಂದಿತು. ಕೂಸು ನಾಲ್ಕು ಸಲ ಅಳುವಷ್ಟರಲ್ಲಿ ಮೆಟ್ಟಿಲ ಮೇಲೆ ಹೆಜ್ಜೆ ಕೇಳಿಸಿತು. ಸೊಸೆ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸುತ್ತ ಓಡಿ ಬಂದು ಕೂಸನ್ನು ಎತ್ತಿ ಎದೆಗೆ ಹಾಕಿಕೊಂಡಳು.

ಅತ್ತೆ ಎದ್ದು ಹತ್ತಿರ ಬಂದಳು. ಸೊಸೆಯ ಕೈ ಹಿಡಿದು ನೋಡಿದಳು. ಗಡಿಯಾರ ಇನ್ನೂ ನಡುಗುತ್ತಿತ್ತು. ತೊಟ್ಟಿಲ ಬಳಿಯದು ಕೇಳಿತ್ತು, ಅಡುಗೆಮನೆಯದು ಒಯ್ದಿತ್ತು, ಕೈಯಲ್ಲಿದ್ದದ್ದು ತಟ್ಟಿ ಕರೆದಿತ್ತು. ನಡುವೆ ಒಂದೆಳೆ ದಾರವೂ ಇರಲಿಲ್ಲ. ಎಂಥ ಸೋಜಿಗ! ಕಿವಿ ನೆಟ್ಟಗಿದ್ದೂ ತಾನು ಒನಕೆಯ ಸದ್ದಿನಲ್ಲಿ ಎಷ್ಟು ಸಲ ಮಕ್ಕಳ ಅಳು ಕೇಳಿಸಿಕೊಳ್ಳದೆ ಹೋಗಿದ್ದೆನೆಂದು ನೆನೆದು ಅವಳ ಕಣ್ಣು ತುಂಬಿತು. ಚೀಲದಿಂದ ಕುಲಾವಿಗಳನ್ನು ತೆಗೆದು ಮತ್ತೆ ಪೆಟ್ಟಿಗೆಯಲ್ಲಿಟ್ಟಳು.

ಆಮೇಲೆ ಸೊಸೆಗೆ ತುಟಿ ಕಾಣುವಂತೆ ಎದುರು ಕುಳಿತು ಕೇಳಿದಳು: “ಈ ಮೂರರಾಗ ನಾ ಯಾವುದಕ್ಕ ಕೈ ಮುಗೀಲಿ, ಹೇಳವ್ವಾ?”

ಸೊಸೆ ತುಟಿಯ ಮೇಲೆ ಬೆರಳಿಟ್ಟು, ಸದ್ದು ಮಾಡಬೇಡಿ ಎಂದು ಮಡಿಲಿನ ಕೂಸನ್ನು ತೋರಿಸಿದಳು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಮುರಿಗೆಪ್ಪನಿಗೆ ತಡೆಯಲಾಗಲಿಲ್ಲ. “ಹಾಗಾದರೆ ಮೂರರಲ್ಲಿ ದೊಡ್ಡದು ಯಾವುದು, ಅಪ್ಪಾವರೇ? ಮೊದಲು ಕೇಳಿಸಿಕೊಂಡದ್ದಲ್ಲವೇ?”

“ಕೂಸು ಯಾವುದರ ಹೆಸರನ್ನೂ ಕೇಳದೆ ನಿದ್ದೆ ಹೋಗಿತ್ತು, ಮುರಿಗೆಪ್ಪ.”