ಟೇಪು ಮಾಡಿದವನು ಎಲ್ಲಿ ನಿಂತಿದ್ದ?

ತುಂಗಭದ್ರೆಯ ದಂಡೆಯ ಮೇಲೆ ಕೊಟ್ರಯ್ಯನವರ ಆಶ್ರಮವಿತ್ತು. ಆಶ್ರಮ ಅಂದದ್ದು ಊರಿನವರು, ಅದೂ ತಮಾಷೆಗೆ. ಅಲ್ಲಿ ದೇವರ ಪಟವಿರಲಿಲ್ಲ, ಭಜನೆ ಇರಲಿಲ್ಲ. ಗೋಡೆ ತುಂಬ ಕ್ಯಾಸೆಟ್ಟುಗಳಿದ್ದವು.

ಎಲ್ಲವೂ ಕಳ್ಳ ಟೇಪುಗಳು. ರಾಕ್ ಸಂಗೀತ ಕೇಳಲು ಹೋದ ಯಾರೋ ಅಭಿಮಾನಿ ಅಂಗಿಯೊಳಗೆ ರೆಕಾರ್ಡರ್ ಬಚ್ಚಿಟ್ಟುಕೊಂಡು, ಜನರ ನಡುವೆ ನಿಂತು ಹಾಡು ತುಂಬಿಕೊಂಡು ಬಂದಂಥವು. ಅವಕ್ಕೆ ಕಂಪನಿಯ ಮುದ್ರೆಯಿಲ್ಲ, ಹೇಳುವವರು ಕೇಳುವವರಿಲ್ಲ. ಯಾವುದು ಕೇಳುವಂಥದ್ದು, ಯಾವುದು ಬರೀ ಗಲಾಟೆ ಎಂದು ತಿಳಿಯಬೇಕಾದರೆ ಎಲ್ಲೆಲ್ಲಿಂದಲೋ ಕೊಟ್ರಯ್ಯನವರಿಗೆ ಕಳಿಸುತ್ತಿದ್ದರು.

ಮೊದಲು ರೇಡಿಯೋ ರಿಪೇರಿ ಮಾಡುತ್ತಿದ್ದ ಕಿವಿ ಅದು. ಅವರು ಕೇಳಿ, ಚೀಟಿಯ ಮೇಲೆ ಕೆಂಪು ಪೆನ್ಸಿಲಿನಲ್ಲಿ ಹತ್ತಕ್ಕೆ ಇಷ್ಟು ಅಂತ ಬರೆದರೆ ಮುಗಿಯಿತು. ಕೆಂಪಿನಲ್ಲಿ ಬರೆದದ್ದನ್ನು ಯಾರೂ ತಿದ್ದುವಂತಿರಲಿಲ್ಲ. ಅವರೂ ತಿದ್ದುತ್ತಿರಲಿಲ್ಲ.

ಶಿಷ್ಯ ಹಾಲೇಶನ ಕೈಗೆ ಸಿಕ್ಕದ್ದು ಕಪ್ಪು ಪೆನ್ಸಿಲು. ಮೂರು ವರ್ಷದಿಂದ ಅವನು ಅಲ್ಲಿದ್ದ. ಅವನು ಕಪ್ಪಿನಲ್ಲಿ ಬರೆಯುವುದು, ಗುರುಗಳು ಅದರ ಮೇಲೆ ಕೆಂಪಿನಲ್ಲಿ ಬರೆಯುವುದು. ಎರಡೂ ಒಂದೇ ಆದ ದಿನ ಅಪರೂಪ.

ಕೆಂಪು ಪೆನ್ಸಿಲಿನ ಮೇಲೆ ಅವನಿಗೆ ಆಸೆಯಿತ್ತು. ಇರಲಿಲ್ಲ ಅಂದರೆ ಸುಳ್ಳಾಗುತ್ತದೆ.

ಒಂದು ದಿನ ಥಳಥಳ ಹೊಳೆಯುವಂಥ ಟೇಪೊಂದು ಬಂತು. ಒಂದೊಂದು ತಂತಿಯೂ ಬಿಡಿಬಿಡಿಯಾಗಿ ಕೇಳಿತು. ಹಾಲೇಶ ಎರಡನೇ ಯೋಚನೆ ಮಾಡದೆ ಒಂಬತ್ತು ಬರೆದ.

ಕೊಟ್ರಯ್ಯನವರು ಯಾವಾಗಲೂ ಕೇಳುವ ಪ್ರಶ್ನೆಯನ್ನೇ ಕೇಳಿದರು.

“ಟೇಪು ಮಾಡಿದವನು ಎಲ್ಲಿ ನಿಂತಿದ್ದ?”

“ಗೊತ್ತಾಗಲಿಲ್ರೀ ಗುರುಗಳೇ. ಅಷ್ಟು ಸ್ವಚ್ಛ ಐತಿ.”

“ಗೊತ್ತಾಗಾಕ ಅಲ್ಲಿ ಯಾರೂ ನಿಂತಿರಲಿಲ್ಲ. ಇದು ಸ್ಟುಡಿಯೋದ ಹಾಡು. ಮೇಲೆ ಚಪ್ಪಾಳೆ ಅಂಟಿಸಿದಾರೆ.”

“ಅದು ಹೆಂಗೆ ತಿಳೀತ್ರೀ?”

“ಹಾಡು ಮುಗಿದ ಮೇಲೆ ಜನ ಕೂಗಿದರು. ಶುರುವಾದಾಗ ಯಾಕೆ ಕೂಗಲಿಲ್ಲ? ತಮಗೆ ಗೊತ್ತಿರೋ ಹಾಡು ಬಂದರೆ ಯಾವನಾದರೂ ಸುಮ್ಮನೆ ಇರ್ತಾನೇನಲೇ?”

ಗುರುಗಳು ಚೀಟಿಯ ಮೇಲೆ ಕೆಂಪಿನಲ್ಲಿ ಸೊನ್ನೆ ಸುತ್ತಿದರು.

ಇನ್ನೊಂದು ಸಲ ಬಂದ ಟೇಪಿನಲ್ಲಿ ಹಾಡಿನ ಉದ್ದಕ್ಕೂ ಯಾರೋ ಇಬ್ಬರು ಮಾತಾಡುತ್ತಿದ್ದರು. ಜೊತೆಗೆ ಸುಯ್ ಅನ್ನುವ ಸದ್ದು ಬೇರೆ. ಹಾಲೇಶ ಸುಮ್ಮನಿರಲಾರದೆ ಅದನ್ನು ಕಂಪ್ಯೂಟರಿಗೆ ಹಾಕಿ, ಮೂರು ದಿನ ಕೂತು ಮಾತನ್ನೆಲ್ಲ ಒರೆಸಿದ. ಸುಯ್ ಎನ್ನುವುದನ್ನೂ ಒರೆಸಿದ. ಹೆಮ್ಮೆಯಿಂದ ತಂದು ಕೇಳಿಸಿದ.

ಕೊಟ್ರಯ್ಯನವರು ಕೇಳಿದರು. ಎದ್ದು ಒಳಗೆ ಹೋದರು.

ಮರುದಿನ ಬೆಳಿಗ್ಗೆ ತಿಂಡಿಗೆ ಒಗ್ಗರಣೆ ಮಂಡಕ್ಕಿ. ಹಾಲೇಶನ ತಟ್ಟೆಯಲ್ಲಿ ಮಾತ್ರ ಬರೀ ಮಂಡಕ್ಕಿಯಿತ್ತು. ಈರುಳ್ಳಿ, ಶೇಂಗಾ, ಕರಿಬೇವು, ಮೆಣಸಿನಕಾಯಿ ಯಾವುದೂ ಇಲ್ಲ.

“ಇದೇನ್ರೀ ಗುರುಗಳೇ?”

“ಹಲ್ಲಿಗೆ ಅಡ್ಡ ಬರೋದನ್ನೆಲ್ಲ ಆರಿಸಿ ತೆಗೆದೀನಿ. ತಿನ್ನಪ್ಪ.”

ಆವತ್ತಿನಿಂದ ಹಾಲೇಶ ಕಂಪ್ಯೂಟರಿನ ತಂಟೆಗೆ ಹೋಗಲಿಲ್ಲ. ಆದರೂ ಒಂದು ಆಸೆ ಉಳಿದಿತ್ತು. ಗುರುಗಳ ಹಳೆಯ ಆಂಪ್ಲಿಫಯರ್ ಇಡೀ ದಿನ ಗುಂಯ್ ಎನ್ನುತ್ತಿತ್ತು. ಅದನ್ನಾದರೂ ರಿಪೇರಿ ಮಾಡುತ್ತೇನೆಂದು ಗೋಗರೆದ.

“ಬಿಡಲೇ ಅದನ್ನ,” ಎಂದರು ಕೊಟ್ರಯ್ಯ. “ಕರೆಂಟು ಮಾತಾಡೋ ಸದ್ದು ಅದು. ಹುಟ್ಟಿದಾಗಿಂದ ಒಂದೇ ಶ್ರುತಿ. ಈ ಮನೇಲಿ ಮಾತು ಬದಲಿಸದೇ ಇರೋದು ಅದೊಂದೇ.”

ಹೀಗಿರುವಾಗ ಒಂದು ಮಧ್ಯಾಹ್ನ ಒಬ್ಬರು ಬಂದರು. ಐವತ್ತು ದಾಟಿದ ವಯಸ್ಸು, ದಪ್ಪ ಮಣಿಕಟ್ಟು. ಹೆಸರು ದಾದಾಪೀರ್. ಬಸ್ಸಿನ ಸೀಟಿಗೆ ರೆಕ್ಸಿನ್ ಹೊಲಿಯುವ ಅಂಗಡಿ ಇಟ್ಟಿದ್ದರು.

ಆ ಹೆಸರು ಕೇಳಿ ಹಾಲೇಶ ಎದ್ದೇ ನಿಂತ. ಹದಿನೆಂಟು ವರ್ಷದ ಹಿಂದೆ ‘ಕರಿಗಲ್ಲು’ ಅಂತ ಒಂದು ರಾಕ್ ತಂಡವಿತ್ತು. ಅದರಲ್ಲಿ ಡ್ರಮ್ಸ್ ಬಾರಿಸುತ್ತಿದ್ದವರು ಇವರೇ.

“ಅಜ್ಜಾರೇ,” ಎಂದರು ದಾದಾಪೀರ್, ಕೊಟ್ರಯ್ಯನವರ ಮುಂದೆ ಕೂತು. “ನಮ್ಮ ಕೊನೇ ಪ್ರೋಗ್ರಾಮಿನ ಟೇಪು ನಿಮ್ಮ ಹತ್ರ ಐತಂತೆ. ಅದರ ಮೇಲೆ ನೀವು ಬರೆದದ್ದು ನನಗೆ ಬಾಯಿಪಾಠ. ಎರಡು. ಕೊನೆಗೆ ಡ್ರಮ್ಮು ತಾಳ ಬಿಟ್ಟು ಓಡಿತು.”

ಕೊಟ್ರಯ್ಯನವರು ಗೋಡೆಯ ಕೆಳಗಿನ ಸಾಲಿನ ಕಡೆ ನೋಡಿದರು.

“ಅದನ್ನೇ ಎಲ್ಲರೂ ಅಂದರು. ನನಗೆ ಓಡಿದಂಗೆ ಅನಿಸಿರಲಿಲ್ಲ. ಆದರೆ ಟೇಪು ಸುಳ್ಳು ಹೇಳ್ತದಾ? ಕೋಲು ಕೆಳಗಿಟ್ಟೆ. ಮತ್ತೆ ಮುಟ್ಟಿಲ್ಲ.”

“ಈಗೇನಾಯಿತು?”

“ಈ ಭಾನುವಾರ ಅದೇ ಮೈದಾನದಾಗೆ ಹಳೇ ಹುಡುಗರೆಲ್ಲ ಮತ್ತೆ ಸೇರ್ತಾರೆ. ನನ್ನನ್ನೂ ಕರೆದಾರೆ. ಇನ್ನೊಂದು ಸಲ ಕೇಳಿ ಹೇಳ್ರಿ. ನಾನು ಓಡಿದ್ದು ಹೌದಾದರೆ ಹೋಗಲ್ಲ. ಹೋಗಿ ಮತ್ತೆ ಮಾನ ಕಳಕೊಳ್ಳೋದು ಬ್ಯಾಡ.”

ಕೊಟ್ರಯ್ಯನವರು ಎದ್ದು ಹೋಗಿ ಕೆಳಗಿನ ಸಾಲಿನಿಂದ ಒಂದು ಕ್ಯಾಸೆಟ್ಟು ತೆಗೆದರು. ಧೂಳು ಒರೆಸಿ ಹಾಲೇಶನ ಕೈಗಿಟ್ಟರು.

“ನನಗೀಗ ಸಣ್ಣ ಸದ್ದು ಕೇಳಿಸಲ್ಲ. ನೀನು ಕೇಳು. ದಾದಾಪೀರ್, ಶುಕ್ರವಾರ ಬನ್ರಿ.”

ಹಾಲೇಶ ಕೂತ. ಮೊದಲ ದಿನ ಅವನ ಕಿವಿಗೆ ಬಿದ್ದದ್ದು ಅಧ್ವಾನ. ಟೇಪು ಮಾಡಿದವನ ಅಂಗಿ ಮೈಕಿಗೆ ಸರಸರ ಉಜ್ಜುತ್ತಿತ್ತು. ಪಕ್ಕದಲ್ಲಿ ಶೇಂಗಾ ಮಾರುವವನ ಕೂಗು. ಕೊನೆಯ ಮೂರು ಹಾಡಿನಲ್ಲಂತೂ ಡ್ರಮ್ಮು ನಿಜವಾಗಿಯೂ ಓಡಿತು, ಬೆನ್ನಿಗೆ ನಾಯಿ ಬಿದ್ದ ಹಾಗೆ.

ಗುರುಗಳು ಬರೆದದ್ದು ಸರಿ ಅಂದುಬಿಟ್ಟರೆ ಯಾವ ತಂಟೆಯೂ ಇರಲಿಲ್ಲ. ದಾದಾಪೀರರ ದಪ್ಪ ಮಣಿಕಟ್ಟು ಮಾತ್ರ ಅವನ ಕಣ್ಣಿಂದ ಹೋಗಲಿಲ್ಲ.

ಎರಡನೆಯ ದಿನ ಅವನು ಹಾಡು ಬಿಟ್ಟು ಹಾಡುಗಳ ನಡುವಿನ ಸದ್ದು ಕೇಳಿದ. ಅಲ್ಲಿ ಮೈದಾನದ ದೊಡ್ಡ ಸ್ಪೀಕರುಗಳು ಗುಂಯ್ ಎನ್ನುತ್ತಿದ್ದವು. ಇಲ್ಲಿ ಗುರುಗಳ ಆಂಪ್ಲಿಫಯರೂ ಗುಂಯ್ ಎನ್ನುತ್ತಿತ್ತು. ಮೊದಲ ಹಾಡಿನ ಹೊತ್ತಿಗೆ ಎರಡೂ ಒಂದೇ ಶ್ರುತಿ, ಅಣ್ಣತಮ್ಮಂದಿರ ಹಾಗೆ.

ಕೊನೆಯ ಹಾಡಿನ ಹೊತ್ತಿಗೆ ಎರಡೂ ಜಗಳವಾಡುತ್ತಿದ್ದವು. ಟೇಪಿನ ಗುಂಯ್ ಮೇಲಕ್ಕೆ ಏರಿತ್ತು.

ಹಾಲೇಶ ಟೇಪು ನಿಲ್ಲಿಸಿದ. ಮನುಷ್ಯ ಓಡಬಹುದು. ಕರೆಂಟು ಯಾಕೆ ಓಡೀತು?

ಅವನು ಕ್ಯಾಸೆಟ್ಟು ಹಾಕುವ ಟೇಪ್ ಡೆಕ್ಕಿನ ಹಿಂಭಾಗ ಬಿಚ್ಚಿದ. ಮೋಟಾರಿನ ವೇಗ ತಿದ್ದುವ ಸಣ್ಣ ಸ್ಕ್ರೂ ಅಲ್ಲಿತ್ತು. ಟೇಪು ಓಡಿದಂತೆಲ್ಲ ಅದನ್ನು ಕೂದಲೆಳೆಯಷ್ಟು ತಿರುಗಿಸುತ್ತ, ಎರಡು ಗುಂಯ್‌ಗಳನ್ನೂ ಜೋಡಿಸುತ್ತ ಹೋದ. ಗುರುವಾರ ಇಡೀ ಅದೇ ಕೆಲಸ. ಯಾವ ಕಡೆಯಲ್ಲಿ ಎಷ್ಟು ತಿರುಗಿಸಬೇಕೆಂದು ಕೈಗೆ ಅಭ್ಯಾಸವಾಗುವವರೆಗೆ ಬಿಡಲಿಲ್ಲ. ಊಟ ಮರೆತ.

ಶುಕ್ರವಾರ ದಾದಾಪೀರ್ ಬಂದರು. ಗಲ್ಲಕ್ಕೆ ಕೈಯಿಟ್ಟು ಕೂತರು, ತೀರ್ಪು ಕೇಳಲು ಬಂದವರ ಹಾಗೆ.

“ಸಾಹೇಬ್ರೇ, ಒಂದು ಮಾತು,” ಎಂದ ಹಾಲೇಶ. “ಆವತ್ತು ಕರೆಂಟು ಜನರೇಟರದ್ದಾ?”

“ಇಲ್ಲಪ್ಪ. ಬೀದಿ ಕಂಬದಿಂದ ಎಳೆದಿದ್ದರು. ಯಾಕೆ?”

“ಜನರೇಟರ್ ಆದರೆ ಏರುಪೇರು ಇರ್ತದೆ. ಕಂಬದ ಕರೆಂಟು ಹಂಗೆ ಏರಲ್ಲ. ಈಗ ಕೇಳ್ರಿ.”

ಮೊದಲು ಟೇಪನ್ನು ಇದ್ದಹಾಗೆಯೇ ಕೇಳಿಸಿದ. ಕೊನೆಯ ಹಾಡು ಓಡಿತು. ದಾದಾಪೀರರ ಮುಖ ಬಾಡಿತು.

ಆಮೇಲೆ ಸ್ಕ್ರೂ ಮೇಲೆ ಕೈಯಿಟ್ಟು, ಅದೇ ಹಾಡು ಮತ್ತೆ ಹಾಕಿದ.

ಹಾಡು ನಿಧಾನವಾಯಿತು. ಸೊರಗಿದ್ದ ಗಾಯಕನ ದನಿಗೆ ಎದೆ ಬಂತು. ಡ್ರಮ್ಮು ಭೂಮಿಗೆ ಕಾಲೂರಿ ನಿಂತಿತು. ಒಂದು ಪೆಟ್ಟು ಹಿಂದಿಲ್ಲ, ಒಂದು ಪೆಟ್ಟು ಮುಂದಿಲ್ಲ. ಮೈದಾನದ ಜನವೆಲ್ಲ ಆ ಪೆಟ್ಟಿಗೆ ಸರಿಯಾಗಿ ಚಪ್ಪಾಳೆ ಹಾಕುತ್ತಿದ್ದರು.

ದಾದಾಪೀರರ ಬೆರಳುಗಳು ತಾವಾಗಿಯೇ ತೊಡೆಯ ಮೇಲೆ ಬಾರಿಸತೊಡಗಿದವು. ಹದಿನೆಂಟು ವರ್ಷದ ಹಿಂದಿನ ಕೈ, ಇವತ್ತಿನ ಕೈ, ಎರಡೂ ಒಟ್ಟಿಗೆ ಬಿದ್ದವು. ಹಾಡು ಮುಗಿದಾಗ ಅವರು ಎದ್ದು ನಿಂತಿದ್ದರು.

“ನಾನು ಓಡಿಲ್ಲ,” ಎಂದರು. ಮತ್ತೆ ಜೋರಾಗಿ, ಹೊಳೆಯಾಚೆಗೆ ಕೇಳುವ ಹಾಗೆ, “ನಾನು ಓಡಿಲ್ಲ!”

“ನೀವು ಓಡಿಲ್ಲ. ರೆಕಾರ್ಡರಿನ ಬ್ಯಾಟರಿ ಸಾಯ್ತಾ ಇತ್ತು. ತುಂಬಿಕೊಳ್ಳೋವಾಗ ಟೇಪು ನಿಧಾನ ತಿರುಗೈತಿ. ಅದನ್ನ ಸರಿಯಾದ ವೇಗದಾಗೆ ಕೇಳಿದರೆ ಎಲ್ಲ ಓಡಿದಂಗೆ ಕೇಳಿಸ್ತದೆ.”

ಸಂತೋಷವನ್ನು ಅಡಗಿಸುವುದು ಹಾಲೇಶನಿಂದಾಗಲಿಲ್ಲ, ನಕ್ಕೇಬಿಟ್ಟ.

ಆಗ ಮೂಲೆಯಿಂದ ಕೊಟ್ರಯ್ಯನವರ ದನಿ ಬಂತು.

“ಟೇಪು ಮಾಡಿದವನು ಎಲ್ಲಿ ನಿಂತಿದ್ದ?”

ಹಾಲೇಶನ ನಗು ಇಳಿಯಿತು. ಉತ್ತರ ಅವನಿಗೆ ಗೊತ್ತಿತ್ತು. ಹೇಳುವುದು ಹೇಗೆಂದು ಗೊತ್ತಿರಲಿಲ್ಲ.

“ಅವರು ನಿಂತಿರಲಿಲ್ರೀ ಗುರುಗಳೇ.”

“ಮತ್ತೆ?”

“ಕುಣೀತಿದ್ದರು. ಅಂಗಿ ಮೈಕಿಗೆ ಉಜ್ಜೋದು ಡ್ರಮ್ಮಿನ ಪೆಟ್ಟಿಗೆ ಸರಿಯಾಗಿ ಐತಿ. ಶೇಂಗಾ ಮಾರೋನ ಪಕ್ಕದಾಗೆ, ಸ್ಟೇಜಿನ ಮುಂದೇನೇ.”

“ಇನ್ನೇನು ಕೇಳಿದೆ?”

ಹಾಲೇಶ ಟೇಪನ್ನು ಸ್ವಲ್ಪ ಹಿಂದಕ್ಕೆ ಸುತ್ತಿದ. ಸ್ಕ್ರೂ ಮುಟ್ಟದೆ ಹಾಕಿದಾಗ ಮೈಕಿನ ಹತ್ತಿರ ಯಾವುದೋ ಕೀಚಲು ದನಿ ಕೂಗಿತು. ಸ್ಕ್ರೂ ತಿರುಗಿಸಿ ಮತ್ತೆ ಹಾಕಿದ. ಈಗ ಅದು ತುಂಬಿದ ಗಂಡು ದನಿ.

“ಹೊಡಿಯಪ್ಪಾ ದಾದಾಪೀರ್! ಹೊಡಿ!”

ದಾದಾಪೀರ್ ಬೆಚ್ಚಿ ಕೊಟ್ರಯ್ಯನವರ ಕಡೆ ತಿರುಗಿದರು. ಅದು ಕೊಟ್ರಯ್ಯನವರದೇ ದನಿ.

ಕೊಟ್ರಯ್ಯನವರು ಕಣ್ಣು ತಪ್ಪಿಸಲಿಲ್ಲ.

“ಟಾರ್ಚಿನ ಹಳೇ ಬ್ಯಾಟರಿ ಹಾಕಿದ್ದೆ,” ಎಂದರು. “ಆವತ್ತು ಕುಣಿದು ಕುಣಿದು ಕಾಲು ನೋವು ಬಂದಿತ್ತು. ಮನೆಗೆ ಬಂದು ಕೇಳಿದರೆ ಟೇಪು ಬೇರೆ ಹೇಳಿತು. ನನ್ನ ಕಾಲು ಸುಳ್ಳು, ಟೇಪು ಖರೆ ಅಂದುಕೊಂಡೆ. ಊರಿನವರ ರೆಕಾರ್ಡರೆಲ್ಲ ಬಿಚ್ಚಿ ನೋಡಿದವನು, ನನ್ನದನ್ನ ಬಿಚ್ಚಲಿಲ್ಲ.”

“ನೀವು ಆ ಪ್ರಶ್ನೆ ಕೇಳಿರಲಿಲ್ಲವೇನ್ರೀ?” ಎಂದ ಹಾಲೇಶ, ಮೆಲ್ಲಗೆ.

“ಎಲ್ಲ ಟೇಪಿಗೂ ಕೇಳಿದೀನಿ. ಇದೊಂದಕ್ಕೆ ಕೇಳಲಿಲ್ಲ. ಗೊತ್ತಿತ್ತಲ್ಲ, ಅದಕ್ಕೆ.”

ಅವರು ಎದ್ದು ಬಂದು ದಾದಾಪೀರರ ಎರಡೂ ಕೈ ಹಿಡಿದರು. ಎಪ್ಪತ್ತಾರರ ಮುದುಕ, ತಲೆ ಬಾಗಿಸಿ ಆ ಕೈಗಳನ್ನು ಹಣೆಗೆ ಒತ್ತಿಕೊಂಡರು.

“ನಿನ್ನ ಹದಿನೆಂಟು ವರ್ಷ ನಾನು ತಿಂದೆ. ತಪ್ಪಾಯಿತಪ್ಪ.”

ದಾದಾಪೀರರಿಗೆ ಕೋಪ ಬಂದಿರಲಿಲ್ಲ ಅನ್ನಲಾಗದು. ಆದರೆ ಅವರ ಕಿವಿಯಲ್ಲಿ ಆ ಕೂಗು ಇನ್ನೂ ಇತ್ತು.

“ಹೊಡಿಯಪ್ಪಾ ಅಂದಿದ್ದು ನೀವೇನ್ರೀ ಅಜ್ಜಾರೇ,” ಎಂದರು ಕೊನೆಗೆ. “ಆ ಕೂಗಿಗೇ ನಾನು ಕೊನೇ ಹಾಡು ಅಷ್ಟು ಬಾರಿಸಿದ್ದು. ಯಾರ ಕೂಗು ಅಂತ ಇಷ್ಟು ವರ್ಷ ತಿಳಿದಿರಲಿಲ್ಲ.”

ಕೊಟ್ರಯ್ಯನವರು ಜೇಬಿನಿಂದ ಕೆಂಪು ಪೆನ್ಸಿಲು ತೆಗೆದರು. ಹಾಲೇಶನ ಮುಂದೆ ಹಿಡಿದರು.

“ಕೆಂಪಿನಲ್ಲಿ ಬರೆದದ್ದನ್ನ ತಿದ್ದಬಾರದಲ್ರೀ,” ಎಂದ ಹಾಲೇಶ. ಕೈ ಮಾತ್ರ ಆಗಲೇ ಮುಂದೆ ಹೋಗಿತ್ತು.

“ನನ್ನ ಕೈಯಿಂದ ತಿದ್ದಬಾರದು.”

ಹಾಲೇಶ ಚೀಟಿ ಬಿಡಿಸಿದ. ‘ಕೊನೆಗೆ ಡ್ರಮ್ಮು ತಾಳ ಬಿಟ್ಟು ಓಡಿತು’ ಎಂಬ ಸಾಲಿನ ಮೇಲೆ ಕೆಂಪು ಗೆರೆ ಎಳೆದ. ಕೆಳಗೆ ಬರೆದ: ‘ಓಡಿದ್ದು ಟೇಪು.’

ಸಾಲಿನ ಮೇಲಿದ್ದ ಎರಡು ಎಂಬ ಅಂಕಿಯನ್ನು ಮುಟ್ಟಲಿಲ್ಲ.

“ಅದು?” ಎಂದರು ದಾದಾಪೀರ್. “ಅದನ್ನ ಹತ್ತು ಮಾಡಲ್ವಾ?”

“ಹತ್ತು ನಿಮಗೆ ಸಾಹೇಬ್ರೇ. ಟೇಪಿಗೆ ಎರಡೇ ಸರಿ. ಅಂಗಿ ಉಜ್ಜೈತಿ, ಬ್ಯಾಟರಿ ಸತ್ತೈತಿ. ಹಿಂಗೆ ಟೇಪು ಮಾಡಿದವರಿಗೆ ಎರಡು ಕೊಟ್ಟಿದ್ದೇ ಹೆಚ್ಚು.”

ಕೊಟ್ರಯ್ಯನವರು ನಕ್ಕರು. ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಶಿಷ್ಯನ ಕೈಯಲ್ಲಿ ಸೋಲುವುದು ಗುರುವಿನ ಪುಣ್ಯ ಅಂತಾರಲ್ಲ, ಆ ಪುಣ್ಯ ಅವರ ಮುಖದ ಮೇಲೇ ಇತ್ತು.

ಹಾಲೇಶ ಪೆನ್ಸಿಲನ್ನು ಹಿಂದಕ್ಕೆ ಕೊಡಲು ಹೋದ. ಅವರು ತೆಗೆದುಕೊಳ್ಳಲಿಲ್ಲ. ಒಳಗೆ ಹೋಗಿ, ಹದಿನೆಂಟು ವರ್ಷದ ಹಿಂದಿನ ಅದೇ ರೆಕಾರ್ಡರನ್ನೂ ಬಿಚ್ಚದ ಒಂದು ಕಟ್ಟು ಹೊಸ ಬ್ಯಾಟರಿಯನ್ನೂ ತಂದು ಅವನ ಮಡಿಲಿಗಿಟ್ಟರು.

“ಭಾನುವಾರ ಟೇಪು ನೀನು ಮಾಡು. ಅಲುಗಾಡದಂಗೆ ನಿಂತ್ಕೋ. ಕುಣಿಯೋದು ನನಗೆ ಬಿಡು.”