ಅಟ್ಟದ ಮೇಲಿನ ಕಾಫಿ ಬೀಜ

"ಬುದ್ಧಿ, ಹಳೆಯ ತಳಿಯೊಂದು ಅಳಿದುಹೋಗದಂತೆ ಕಾಪಾಡುವುದು ಹೇಗೆ?" ಎಂದು ಮರುಳಯ್ಯ ಕೇಳಿದ.

ಮರುಳಯ್ಯ ಮಠದ ಶಿಷ್ಯ. ಉಗ್ರಾಣದ ಬೀಗದ ಕೈ ಇದ್ದದ್ದೂ ಅವನ ಸೊಂಟದಲ್ಲೇ. ಮಠಕ್ಕೆ ಬೇಕಾದ್ದನ್ನೆಲ್ಲ ಪೇಟೆಯಲ್ಲಿ ಅಗ್ಗಕ್ಕೆ ಹಿಡಿದು ತರುವುದರಲ್ಲಿ ಅವನು ನಿಸ್ಸೀಮ. ಬೆಟ್ಟದ ತೋಟದಿಂದ ಅವನ ಅಣ್ಣ ಹೇಳಿಕಳುಹಿಸಿದ್ದ: ಅಜ್ಜನ ಕಾಲದ ಕಾಫಿ ಗಿಡಗಳನ್ನು ಈ ಸಲ ಕೀಳಿಸುತ್ತೇನೆ, ಕೊಳ್ಳುವವರೇ ಇಲ್ಲದ ಮೇಲೆ ಇಟ್ಟುಕೊಂಡು ಏನು ಮಾಡಲಿ? ಅದನ್ನು ಕೇಳಿದಾಗಿನಿಂದ ಮರುಳಯ್ಯನಿಗೆ ಅನ್ನ ಸೇರುತ್ತಿರಲಿಲ್ಲ. ಆ ಗಿಡಗಳ ಒಂದು ಹಿಡಿ ಬೀಜ ತರಿಸಿಕೊಂಡಿದ್ದ. ಅದನ್ನು ಗದ್ದುಗೆಯ ಪಕ್ಕದಲ್ಲಿ ಭದ್ರವಾಗಿ ಇಡಿಸಬೇಕೆಂದು ಅವನ ಆಸೆ.

ಗುರುಗಳು ಬೀಜವನ್ನು ಮುಟ್ಟಲಿಲ್ಲ. "ಕೂತುಕೋ," ಎಂದು ಹೇಳತೊಡಗಿದರು.

ಒಬ್ಬ ರೈತನಿದ್ದ. ಕೆಳಗೆ ಭತ್ತದ ಗದ್ದೆ, ಮೇಲೆ ಕಾಫಿ ತೋಟ. ಕಾಫಿ ಹಳೆಯ ತಳಿಯದು. ಫಸಲು ಕಡಿಮೆ, ರೋಗ ಬೇಗ, ಬಾಣಂತಿಗೆ ಮಾಡಿದಷ್ಟು ಆರೈಕೆ ಬೇಕು. ಆದರೆ ರುಚಿ? ಒಮ್ಮೆ ಕುಡಿದವನು ಅದನ್ನು ಮರೆಯುತ್ತಿರಲಿಲ್ಲ.

ಕೊಯ್ಲು ಮುಗಿಯುತ್ತಲೇ ಒಬ್ಬ ವರ್ತಕ ಬರುತ್ತಿದ್ದ. ರೈತನ ಜಗಲಿಯಲ್ಲಿ ಕೂತು ಎರಡು ಲೋಟ ಇಳಿಸಿ, ಬಾಯಿ ಚಪ್ಪರಿಸಿ, "ಅಬ್ಬಾ! ಕಾಫಿ ಅಂದ್ರೆ ಇದು! ಈ ಗಿಡಗಳನ್ನು ಮಾತ್ರ ಕೈಬಿಡಬೇಡಿ ಗೌಡ್ರೇ," ಎನ್ನುತ್ತಿದ್ದ. ಆಮೇಲೆ ಎದ್ದು ಹೋಗಿ ಪಕ್ಕದ ತೋಟದ ಹೊಸ ತಳಿಯ ಕಾಫಿಯನ್ನು ಗಾಡಿಗೆ ತುಂಬಿಸುತ್ತಿದ್ದ. ಅದು ಅಗ್ಗವಲ್ಲವೇ! ಮಹಾಶಯನ ಹೊಗಳಿಕೆಗೇನೂ ಬಡತನವಿರಲಿಲ್ಲ.

ಕೊನೆಗೆ ರೈತ ಸೋತ. ಹೊಸ ಸಸಿ ಕೊಂಡು ತಂದ. ಹಳೆಯ ಗಿಡ ಕೀಳುವ ಮುಂಚೆ ಒಂದೊಂದನ್ನೂ ಮುಟ್ಟಿ ನೋಡಿದ; ಅವೆಲ್ಲ ಅಜ್ಜ ನೆಟ್ಟವು. ಒಳ್ಳೆಯ ಹಣ್ಣು ಆರಿಸಿ, ಬೀಜ ಬಿಡಿಸಿ, ಬಿಸಿಲಲ್ಲಿ ಚೆನ್ನಾಗಿ ಒಣಗಿಸಿದ. ಬಿತ್ತನೆ ಭತ್ತಕ್ಕೆ ಕಟ್ಟುವ ಹಾಗೆಯೇ ಹುಲ್ಲಿನ ಮುಡಿ ಕಟ್ಟಿ ಅಟ್ಟದ ಮೇಲೆ ಇಟ್ಟ. ಹಬ್ಬ ಬಂದಾಗ ಅದಕ್ಕೆ ವಿಭೂತಿ ಹಚ್ಚಿ ಕೈಮುಗಿಯುತ್ತಿದ್ದ. ಕಾಫಿ ಬೀಜ ಹಾಕಿ ಸಸಿ ಎಬ್ಬಿಸುವ ಪ್ರಸಂಗ ಅವನಿಗೆ ಬಂದೇ ಇರಲಿಲ್ಲ.

ವರ್ಷಗಳು ಕಳೆದವು. ಪೇಟೆಯ ಜನ ಹಳೆಯ ರುಚಿ ಬೇಕು ಎನ್ನತೊಡಗಿದರು. ವರ್ತಕ ಎದ್ದುಬಿದ್ದು ಓಡಿಬಂದ. "ಗೌಡ್ರೇ, ಆ ಕಾಫಿ ಎಷ್ಟು ಬೆಳೆದರೂ ನನಗೇ ಕೊಡಿ. ನೀವು ಹೇಳಿದ್ದೇ ಬೆಲೆ."

ರೈತನ ಮುಖ ಅರಳಿತು. ಮುಡಿ ಇಳಿಸಿದ, ಪಾತಿ ಮಾಡಿ ಬಿತ್ತಿದ, ನೀರು ಹಾಕಿ ಕಾದ. ಒಂದೂ ಮೊಳೆಯಲಿಲ್ಲ. ಕಾಫಿ ಬೀಜ ಭತ್ತದಂತಲ್ಲ. ಒಣಗಿಸಿಟ್ಟರೆ ಕೆಲವೇ ತಿಂಗಳಲ್ಲಿ ಅದರ ಜೀವ ಹೋಗುತ್ತದೆ. ಭತ್ತಕ್ಕೆ ಮಾಡಿದ್ದನ್ನೇ ಕಾಫಿಗೂ ಮಾಡಿದ್ದ, ಪಾಪ.

"ಅಯ್ಯೋ, ಎಂಥ ಕೆಲಸ ಮಾಡಿದಿರಿ! ಅಂಥ ತಳಿಯನ್ನು ಕೈಯಾರೆ ಕೊಂದಿರಲ್ಲ!" ಎಂದು ವರ್ತಕ ತಲೆ ಚಚ್ಚಿಕೊಂಡ. ರೈತ ಪಾತಿಯ ಪಕ್ಕದಲ್ಲಿ ಕೂತು ಅತ್ತುಬಿಟ್ಟ.

ಗುರುಗಳು ಕತೆ ನಿಲ್ಲಿಸಿದರು. ಮರುಳಯ್ಯ ಗಾಬರಿಯಿಂದ ಕೈಯಲ್ಲಿದ್ದ ಬೀಜ ನೋಡಿಕೊಂಡ. ಇನ್ನೂ ಹಸಿಯಾಗಿತ್ತು. ಸದ್ಯ ಬದುಕಿದೆ ಎನ್ನಿಸಿತು.

"ತಿಳಿಯಿತು ಬುದ್ಧಿ. ಇದನ್ನು ಕಟ್ಟಿಡುವುದಿಲ್ಲ. ಇವತ್ತೇ ಮಠದ ಹಿತ್ತಲಲ್ಲಿ ಬಿತ್ತುತ್ತೇನೆ. ಆ ರೈತನ ತಪ್ಪು ನನ್ನಿಂದ ಆಗುವುದಿಲ್ಲ," ಎಂದು ಉತ್ಸಾಹದಿಂದ ಎದ್ದು ನಿಂತ.

"ರೈತನ ತಪ್ಪು ಇರಲಿ ಮರುಳಯ್ಯ," ಎಂದರು ಗುರುಗಳು. "ಇವತ್ತು ಬೆಳಿಗ್ಗೆ ದಾಸೋಹದಲ್ಲಿ ಕುಡಿದೆವಲ್ಲ, ಆ ಕಾಫಿ ಯಾರ ತೋಟದ್ದು?"

ಮರುಳಯ್ಯನ ಕೈ ಸೊಂಟದ ಬೀಗದ ಕೈಯ ಮೇಲೆ ಹೋಯಿತು.